ಅನ್ನಪೂರ್ಣ ಕಾಣದ ಕಬಡ್ಡಿ

ಗಂಡ ಭಾರಿ ಕಬಡ್ಡಿ ಆಟಗಾರ ಎಂದು ಅನ್ನಪೂರ್ಣಳಿಗೆ ಎಲ್ಲರೂ ಹೇಳಿದ್ದರು. ಅತ್ತೆ ಹೇಳಿದ್ದಳು, ಮೈದುನ ಹೇಳಿದ್ದ, ಮದುವೆಗೆ ಬಂದ ಗೆಳೆಯರು ಕೈ ಬೀಸಿ ಬೀಸಿ ಹೇಳಿದ್ದರು. ಆದರೆ ಮದುವೆಯಾಗಿ ಇಪ್ಪತ್ತಾರು ವರ್ಷ ಕಳೆದರೂ ಅವನು ಆಡಿದ್ದನ್ನು ಆಕೆ ಒಂದು ದಿನ, ಒಂದೇ ಒಂದು ದಿನ, ಕಣ್ಣಾರೆ ಕಂಡವಳಲ್ಲ. ಬಂಗಾರ ಬೇಡಿದವಳಲ್ಲ, ರೇಷ್ಮೆ ಸೀರೆ ಬೇಡಿದವಳಲ್ಲ. ಇದೊಂದು ಆಸೆಯನ್ನು ಮಾತ್ರ ಎದೆಯೊಳಗೆ ಇಟ್ಟುಕೊಂಡು ಶಾಲೆಯ ಬಿಸಿಯೂಟದ ಸಾರು ಕುದಿಸುತ್ತ ಬಂದಳು. ನಗಬೇಡಿ. ಕೆಲವರ ಆಸೆ ಹಾಗೇ ಇರುತ್ತದೆ.

ಅವರ ಮದುವೆ ಆದದ್ದೇ ಒಂದು ಫಜೀತಿಯಿಂದ. ಅನ್ನಪೂರ್ಣ ಮಂಗಳೂರಿನವಳು. ಕಡಲಿನ ಮಂಗಳೂರಲ್ಲ, ಯಲಬುರ್ಗಾ ಕಡೆಯ ಮಂಗಳೂರು; ಇಲ್ಲಿ ಮೀನು ಸಿಗುವುದು ಕಷ್ಟ, ಜೋಳ ಬೇಕಾದಷ್ಟು. ಅವಳಪ್ಪ ಮುದಿಯಪ್ಪನದು ಒಂದೇ ಹಟ, ಮಗಳನ್ನು ಸರ್ಕಾರಿ ಕೆಲಸದವನಿಗೇ ಕೊಡಬೇಕು. ತೊಂಬತ್ತೊಂಬತ್ತನೇ ಇಸವಿಯಲ್ಲಿ, ಬೇಸಿಗೆಗೆ ಇನ್ನೂ ಮುಂಚೆ, ಕಾಳಪ್ಪನೆಂಬ ಮದುವೆ ದಲ್ಲಾಳಿ ನವಲಿಯಿಂದ ಒಂದು ಸಂಬಂಧ ತಂದ.

"ಹುಡುಗ ಏನ್ ಮಾಡ್ತಾನ?" ಎಂದು ಮುದಿಯಪ್ಪ ಕೇಳಿದ.

"ಜವಾನ ಅದಾನ್ರಿ. ಸರ್ಕಾರಿ ಜವಾನ."

"ಕಾಯಮ್ಮೋ, ದಿನಗೂಲಿನೋ?"

"ಛೇ ಛೇ, ಕಾಯಂ ಅಂದ್ರ ಕಾಯಂ. ಪಿಂಚಣಿನೂ ಐತ್ರಿ."

ನಮ್ಮ ಕಡೆ ಜವಾನ ಎಂದರೆ ಯಾರು ಹೇಳಿ? ಶಾಲೆಯಲ್ಲಿ ಗಂಟೆ ಬಾರಿಸುವವನು, ಕಚೇರಿಯಲ್ಲಿ ಕಡತ ಹೊರುವವನು, ಸಾಹೇಬರಿಗೆ ಚಹಾ ತಂದುಕೊಡುವವನು. ಗಡಿಯಲ್ಲಿ ಬಂದೂಕು ಹಿಡಿದು ನಿಂತವನೂ ಜವಾನನೇ ಎಂಬುದು ಮುದಿಯಪ್ಪನ ತಲೆಗೆ ಹೊಳೆಯಲೇ ಇಲ್ಲ. ಕಾಳಪ್ಪನಿಗೆ ಹೊಳೆದಿತ್ತು, ಆದರೆ ಆ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಕಾಳಪ್ಪ ಒಂದೂ ಸುಳ್ಳು ಹೇಳದೆ ಮಾಡಿಸಿದ.

ಹೆಣ್ಣು ನೋಡಲು ಬಂದ ದಿನವಾದರೂ ಗುಟ್ಟು ರಟ್ಟಾಗಬೇಕಿತ್ತು. ಬಿಳಿ ಅಂಗಿ ತೊಟ್ಟು ತಲೆ ತಗ್ಗಿಸಿ ಕುಳಿತಿದ್ದ ವರ ಹನಮೇಶನನ್ನು ಮುದಿಯಪ್ಪ ಪರೀಕ್ಷೆ ಮಾಡಿದ.

"ನಿಮ್ಮ ಸಾಹೇಬ್ರು ಹ್ಯಾಂಗ ಅದಾರಪಾ?"

"ಛಲೋ ಅದಾರ್ರಿ. ಟೈಮಿಗೆ ಸಲಾಮ್ ಹೊಡದ್ರ ಮುಗೀತು."

"ಕೆಲಸ ಭಾಳ ಇರ್ತೈತೇನು?"

"ಮುಂಜಾನಿ ಗಂಟಿ ಹೊಡದ ಕೂಡ್ಲೇ ಓಡೂದು ಇರ್ತೈತ್ರಿ. ಸಂಜಿಮುಂದ ಕಬಡ್ಡಿ."

ಸಂಜೆ ಕಬಡ್ಡಿ ಆಡಿಸುತ್ತಾರೆಂದರೆ ಬಲು ಒಳ್ಳೆಯ ಶಾಲೆಯೇ ಇರಬೇಕು ಎಂದುಕೊಂಡ ಮುದಿಯಪ್ಪ, ಅಂದೇ ತಾಂಬೂಲ ಬದಲಾಯಿಸಿಬಿಟ್ಟ.

ಮೇ ತಿಂಗಳಲ್ಲಿ ಮದುವೆ. ಮುಹೂರ್ತಕ್ಕೆ ಅರ್ಧ ತಾಸು ಇರುವಾಗ ಕೂದಲು ಸಣ್ಣಗೆ ಕತ್ತರಿಸಿದ ನಾಲ್ವರು ಗಟ್ಟಿ ಆಳುಗಳು ಕಬ್ಬಿಣದ ಟ್ರಂಕು ಹೊತ್ತುಕೊಂಡು ಚಪ್ಪರದೊಳಗೆ ಬಂದರು. ಬಂದವರೇ ಸಾಲಾಗಿ ನಿಂತು, ಬಾಸಿಂಗ ಕಟ್ಟಿಕೊಂಡಿದ್ದ ಹನಮೇಶನಿಗೆ ಬೂಟು ಅಪ್ಪಳಿಸಿ ಸೆಲ್ಯೂಟ್ ಹೊಡೆದರು. ಮುದಿಯಪ್ಪ ಅಕ್ಷತೆಯ ತಟ್ಟೆ ಕೆಳಗಿಟ್ಟು ಕಾಳಪ್ಪನ ಕಡೆ ತಿರುಗಿದ.

"ಜವಾನ ಅಂದ್ರ ಜವಾನ ಅಂತ ತಿಳದಿದ್ನೆಲೋ ಕಾಳ್ಯಾ! ಇಂವ ಜವಾನ ಅಂತ ನನಗೇನ ಗೊತ್ತು!"

"ನಾ ಬ್ಯಾರೆ ಏನ್ ಹೇಳಿದ್ನಿ ಯಜಮಾನ್ರ? ಜವಾನ ಅಂತನ ಹೇಳಿದ್ನಲ್ಲ," ಎಂದ ಕಾಳಪ್ಪ, ಊಟದ ಪಂಕ್ತಿಯ ಕಡೆ ಜಾರಿಕೊಳ್ಳುತ್ತ.

ಬಂದ ನಾಲ್ವರಲ್ಲಿ ಒಬ್ಬ ನಮ್ಮ ಜಿಲ್ಲೆಯವನೇ, ಕುಷ್ಟಗಿ ಕಡೆಯ ಆದೆಪ್ಪ. ಹನಮೇಶನ ರೆಜಿಮೆಂಟಿನ ಕಬಡ್ಡಿ ತಂಡದಲ್ಲಿ ಅವನ ಜೋಡಿ. ಗಲ್ಲ ಊದಿಸಿಕೊಂಡು ಕುಳಿತ ಮಾವನನ್ನು ಸಮಾಧಾನ ಮಾಡಿದವನೂ ಅವನೇ, ಹೆದರಿ ಬೆವೆತಿದ್ದ ಮದುಮಗಳನ್ನು ನಗಿಸಿದವನೂ ಅವನೇ.

"ವೈನಿ, ಅಂಜಬ್ಯಾಡ್ರಿ. ನಿಮ್ಮ ಗಂಡ ಬಂದೂಕಿನ ಜವಾನ ಅಲ್ಲ, ಕಬಡ್ಡಿ ಜವಾನ. ಮುಂದಿನ ತಿಂಗಳು ಪುಣೆದಾಗ ಕ್ಯಾಂಪು. ಭೂಸೇನಾ, ನೌಕಾ, ಇಮಾನದವರು, ಮೂರೂ ಕೂಡಿದ ಟೀಮಿಗೆ ಆರಿಸ್ಯಾರ. ಇಡೀ ದೇಶ ನೋಡ್ತೈತಿ ಇವನ ಆಟ. ನೀವೂ ಬರ್ರಿ, ಮುಂದಿನ ಸಾಲಿನಾಗ ಕುಂದ್ರಸ್ತೀನಿ."

ಅನ್ನಪೂರ್ಣ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಂದೇ ಹುಟ್ಟಿತು ಆ ಆಸೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮದುವೆಯಾದ ಒಂಬತ್ತನೇ ದಿನ, ಕೈಯ ಅರಿಶಿಣ ಇನ್ನೂ ಮಾಸಿರಲಿಲ್ಲ, ನವಲಿಗೆ ತಾರು ಬಂತು. ರಜೆ ರದ್ದು, ಕೂಡಲೇ ಹೊರಟು ಬಾ. ಕಾರ್ಗಿಲ್ ಎಂಬ ಹೆಸರನ್ನು ಅನ್ನಪೂರ್ಣ ಮೊದಲ ಸಲ ಕೇಳಿದ್ದು ಅಂದು. ಪುಣೆಯ ಕ್ಯಾಂಪಿನ ಕಾಗದ ಗೂಡಿನಲ್ಲಿ ಮಡಿಸಿದ್ದು ಮಡಿಸಿದಂತೆಯೇ ಉಳಿಯಿತು. ಹನಮೇಶ ಗಂಗಾವತಿ ಬಸ್ಸು ಹತ್ತಿ ಹೋದ. ಆಮೇಲೆ ಎರಡು ತಿಂಗಳು ಆ ಮನೆಯಲ್ಲಿ ರೇಡಿಯೋ ಒಂದೇ ಮಾತಾಡುತ್ತಿತ್ತು.

ಹೋದವನು ಅಕ್ಟೋಬರ್‌ನಲ್ಲಿ ಬಂದ. ಮೈಮೇಲೆ ಒಂದು ಗಾಯವಿಲ್ಲ. ಕೆಮ್ಮು ಮಾತ್ರ ಇತ್ತು. ಅಷ್ಟು ಎತ್ತರದಲ್ಲಿ ಎದೆಯೊಳಗೆ ನೀರು ತುಂಬಿತ್ತಂತೆ, ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದನಂತೆ. ಟ್ರಂಕಿನಿಂದ ಆಟದ ಬೂಟು ತೆಗೆದು ಯಾರಿಗೋ ಕೊಟ್ಟುಬಿಟ್ಟ. ಆದೆಪ್ಪ ತೀರಿಕೊಂಡ ಎಂದು ಅತ್ತೆಯಿಂದ ತಿಳಿಯಿತೇ ಹೊರತು ಅವನು ಬಾಯಿ ಬಿಟ್ಟು ಹೇಳಲಿಲ್ಲ.

"ಕಬಡ್ಡಿ?" ಎಂದು ಅನ್ನಪೂರ್ಣ ಮೆಲ್ಲಗೆ ಕೇಳಿದಳು.

"ಆಗಂಗಿಲ್ಲ. ದಮ್ಮು ಬಂದೈತಿ."

ಮುಗಿಯಿತು. ದಮ್ಮಿನವನಿಗೆ ಕಬಡ್ಡಿ ಎಲ್ಲಿಂದ ಬರಬೇಕು? ಎದುರಾಳಿಯ ಅಂಗಳಕ್ಕೆ ಹೋಗಿ ಬರುವ ತನಕ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು. ಉಸಿರು ಮುರಿದರೆ ಆಟ ಮುರಿಯಿತು. ಊರವರು ಕಷಾಯ ಹೇಳಿದರು, ಆಡಿನ ಹಾಲು ಹೇಳಿದರು, ಯಾವುದೋ ಊರಿನ ಹಕೀಮರ ಪುಡಿ ಹೇಳಿದರು. ಎಲ್ಲವನ್ನೂ ಅವನು ಎರಡನೇ ಮಾತಿಲ್ಲದೆ ಕುಡಿದ. ಸೇನೆಯಲ್ಲಿ ಎರಡು ವರ್ಷ ಸ್ಟೋರಿನ ಕೆಲಸ ಕೊಟ್ಟರು, ಆಮೇಲೆ ತಾನೇ ಬರೆದುಕೊಟ್ಟು ಬಿಟ್ಟು ಬಂದ.

ಮಾಜಿ ಸೈನಿಕರ ಕೋಟಾದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಯಾವ ಕೆಲಸ? ಮಂಗಳೂರಿನ ಹೈಸ್ಕೂಲಿನ ಜವಾನ! ಆರ್ಡರ್ ಬಂದ ದಿನ ಮುದಿಯಪ್ಪ ಓಣಿಗೆಲ್ಲ ಬೆಲ್ಲ ಹಂಚಿದ. "ನಾ ಮೊದಲ ಹೇಳಿದ್ನಿಲ್ಲ, ನಮ್ಮ ಅಳಿಯ ಜವಾನ ಅಂತ!" ಎಂದು ಕಟ್ಟೆಗೆ ಕುಳಿತವರ ಮುಂದೆಲ್ಲ ಹೇಳಿಕೊಂಡ. ಆ ಮುದುಕ ಸಾಯುವ ತನಕ ಅಳಿಯ ಬಾರಿಸಿದ ಗಂಟೆ ಕೇಳಿಯೇ ಊಟಕ್ಕೆ ಕೂರುತ್ತಿದ್ದ.

ಇಪ್ಪತ್ತೆರಡು ವರ್ಷ ಹನಮೇಶ ಆ ಗಂಟೆ ಬಾರಿಸಿದ. ಒಂದು ದಿನ ಒಂದು ನಿಮಿಷ ಆಚೀಚೆ ಆಗಲಿಲ್ಲ. ಮಗಳು ಅಂಜಲಿ ಅದೇ ಶಾಲೆಯಲ್ಲಿ ಓದಿ, ನರ್ಸಿಂಗ್ ಮುಗಿಸಿ, ಕೊಪ್ಪಳದ ಒಂದು ಆಸ್ಪತ್ರೆಗೆ ಸೇರಿದಳು. ಅನ್ನಪೂರ್ಣ ಬಿಸಿಯೂಟದ ಅಡುಗೆಗೆ ಬಂದಳು. ಅಡುಗೆಮನೆಯ ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಕ್ರೀಡಾಕೂಟದ ದಿನ ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವವನು ಹನಮೇಶನೇ. ಟೇಪು ಬೇಡ, ಹಗ್ಗ ಬೇಡ, ಹೆಜ್ಜೆಯಲ್ಲೇ ಅಳೆದು ಎಳೆದರೆ ಒಂದು ಬೆರಳು ಸೊಟ್ಟಗಾಗುತ್ತಿರಲಿಲ್ಲ. ಆದರೆ ಆಟದ ಸೀಟಿ ಊದಿದರೋ ಇಲ್ಲವೋ, ಆಸಾಮಿ ಮಾಯ! ಹಿಂದುಗಡೆ ನೀರಿನ ತೊಟ್ಟಿ ತಿಕ್ಕುತ್ತ ಕುಳಿತಿರುತ್ತಿದ್ದ, ಮೊನ್ನೆಯಷ್ಟೇ ತಿಕ್ಕಿದ ತೊಟ್ಟಿಯನ್ನು.

"ನಿನ್ನ ಗಂಡಗ ತೊಟ್ಟಿ ಮ್ಯಾಲೆ ಭಾಳ ಪ್ರೀತಿ ನೋಡಕ್ಕಾ," ಎಂದು ಜೊತೆಗೆ ಅಡುಗೆ ಮಾಡುವ ಮೆಹಜಬೀನ ಕಿಚಾಯಿಸುತ್ತಿದ್ದಳು. ಅನ್ನಪೂರ್ಣ ನಕ್ಕುಬಿಡುತ್ತಿದ್ದಳು. ಪಾಪ, ಆಡಲಾರದವನಿಗೆ ನೋಡುವುದೂ ಸಂಕಟ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಸರ್ಕಾರಿ ನೌಕರರ ಜಿಲ್ಲಾ ಕ್ರೀಡಾಕೂಟದ ಸುತ್ತೋಲೆ ಬಂತು. ಕೊಪ್ಪಳದಲ್ಲಿ ಆಟ, ನಲವತ್ತು ದಾಟಿದವರ ಕಬಡ್ಡಿ ಬೇರೆ. ಹೆಡ್‌ಮಾಸ್ತರ ಗೋವಿಂದರಾಜ ಸರ್‌ಗೆ ಕಬಡ್ಡಿ ಎಂದರೆ ಜೀವ. ಹೊಟ್ಟೆ ಒಪ್ಪದಿದ್ದರೂ ಮನಸ್ಸು ಒಪ್ಪುತ್ತಿತ್ತು. ಯಲಬುರ್ಗಾ ತಾಲೂಕಿನ ತಂಡಕ್ಕೆ ಆರು ಜನ ಆಗಿದ್ದರು, ಏಳನೆಯವರು ಸಿಗಲಿಲ್ಲ.

"ಹನಮೇಶಣ್ಣ, ನೀ ಮಿಲ್ಟ್ರಿ ಮನಷ್ಯಾ. ಬರೀ ನಿಂದ್ರು ಸಾಕು."

"ದಮ್ಮು ಐತ್ರಿ ಸರ್."

ಇದನ್ನು ಕೇಳಿದ ಅನ್ನಪೂರ್ಣ ಅಂದೇ ಮಗಳಿಗೆ ಫೋನು ಮಾಡಿದಳು. ಇಪ್ಪತ್ತಾರು ವರ್ಷದ ದಮ್ಮು, ಈಗೆಷ್ಟೋ ಹೊಸ ಔಷಧ ಬಂದಿವೆ, ಒಂದು ಸಲ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂಬುದು ಆಕೆಯ ಲೆಕ್ಕ. ಅಪ್ಪನನ್ನು ಅಂಜಲಿ ರಮಿಸಿ ಕರೆದೊಯ್ದಳು. ಎಕ್ಸ್‌ರೇ ತೆಗೆದರು, ಒಂದು ಕೊಳವೆಗೆ ಬಾಯಿಟ್ಟು ಊದಿಸಿದರು. ಊದಿದ ರಭಸಕ್ಕೆ ಡಾಕ್ಟರು ಕನ್ನಡಕ ಸರಿಮಾಡಿಕೊಂಡರಂತೆ. "ಇವರಿಗೆ ದಮ್ಮೂ ಇಲ್ಲ, ಗಿಮ್ಮೂ ಇಲ್ಲ. ಆವಾಗ ಆಗಿದ್ದು ಆವಾಗ ವಾಸಿ ಆಗ್ಯದ. ಈ ಎದಿ ಇಪ್ಪತ್ತೈದರ ಹುಡುಗನ ಎದಿ ಇದ್ದಂಗ ಐತಿ," ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಮರುದಿನ ಮಕ್ಕಳ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಅನ್ನಪೂರ್ಣ ಆ ಚೀಟಿ ಹಿಡಿದು ಗಂಡನ ಮುಂದೆ ನಿಂತಳು. ಆಕೆಗೆ ಸಿಟ್ಟು ಬರುವುದೇ ಅಪರೂಪ. ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ.

"ಯಾಕ್ರೀ ಸುಳ್ಳು ಹೇಳಿದ್ರಿ? ಆಡಿನ ಹಾಲಿಗೆ ಊರೂರು ತಿರುಗೀನಿ. ರಾತ್ರಿ ನಿಮ್ಮ ಉಸರ ಎಣಿಸಿಕೋತ ಮಲಗೀನಿ. ನಿಮಗ ಏನೂ ಆಗಿಲ್ಲಂದ್ರ, ಒಂದ ದಿನ, ನನ್ನ ಸಲುವಾಗಿ ಒಂದ ದಿನ ಆಡಾಕ ಬರತಿದ್ದಿಲ್ಲೇನು?"

ಹನಮೇಶ ಖಾಲಿ ಅನ್ನದ ಪಾತ್ರೆಯ ಪಕ್ಕ ನೆಲಕ್ಕೆ ಕುಳಿತ. ಆಮೇಲೆ ಹೇಳಿದ.

"ಕಬಡ್ಡಿ ಒಳಗ ಔಟ್ ಆದವಗ ಏನಂತಾರ, ಹೇಳು."

"ಸತ್ತ ಅಂತಾರ."

"ಹೂಂ. ಅಂವ ಸತ್ತ ಅಂತ ಹೊರಗ ಕುಂದ್ರತಾನ. ನಮ್ಮವ ಯಾರರ ಹೋಗಿ ಒಬ್ಬನ್ನ ಬಡದು ಬಂದ್ರ, ಸತ್ತವ ಏಳ್ತಾನ. ಆದೆಪ್ಪಂದು ಯಾವಾಗ್ಲೂ ಒಂದ ಮಾತು. ಔಟ್ ಆದ ಕೂಡ್ಲೇ ಗೆರಿ ಆಚಿಗೆ ಕುಂತು ನಕ್ಕೋತ ಅಂತಿದ್ದ, 'ಹನಮ್ಯಾ, ನಾ ಸತ್ತೀನೋ. ಬಡದು ಬಾ, ಎಬ್ಬಿಸು ನನ್ನ.' ನಾ ಬಡದು ಬರತಿದ್ನಿ. ಅಂವ ಏಳತಿದ್ದ."

ಅವನು ಪಾತ್ರೆಯ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದ.

"ಆ ಗುಡ್ಡದ ಮ್ಯಾಲೆ ಅವಗ ಗುಂಡು ಬಡೀತು. ಬಂಡಿಗಲ್ಲಿಗೆ ಆನಿಸಿ ಕುಂದ್ರಿಸಿದ್ನಿ. ಅದ ಮಾತು ಅಂದ, ಅನ್ನಪೂರ್ಣಾ. ಹಂಗ ನಕ್ಕೋತ. 'ಹನಮ್ಯಾ, ನಾ ಸತ್ತೀನೋ. ಬಡದು ಬಾ. ಎಬ್ಬಿಸು ನನ್ನ.' ನಾ ಮ್ಯಾಲೆ ಹೋದ್ನಿ. ಬಡದು ಬಂದ್ನಿ. ಅಂವ ಏಳ್ಲಿಲ್ಲ."

ಅನ್ನಪೂರ್ಣಳ ಕೈಯಲ್ಲಿದ್ದ ಚೀಟಿ ನೀರಿಗೆ ಬಿದ್ದು ಒದ್ದೆಯಾಯಿತು. ಅವನ ಪಕ್ಕದಲ್ಲೇ ಆಕೆಯೂ ಕುಳಿತಳು.

"ಸಾಲಿ ಮೈದಾನದಾಗ ಹುಡುಗ್ರು ಸತ್ತ, ಎದ್ದ ಅಂತ ಕೂಗತಾವು. ನನಗ ಕೇಳಾಕ ಆಗಂಗಿಲ್ಲ. ಇದಕ್ಕ ಏನ್ ಹೆಸರು ಹೇಳಬೇಕಿತ್ತು ನಾನು? ದಮ್ಮು ಅಂದ್ನಿ."

"ಬ್ಯಾಡ ಬಿಡ್ರಿ," ಎಂದಳು ಅನ್ನಪೂರ್ಣ. "ನಾ ಆಟ ನೋಡ್ಲಿಲ್ಲಂದ್ರ ಏನೂ ಕಡಿಮಿ ಆಗಂಗಿಲ್ಲ." ಹಾಗೆ ಹೇಳುವಾಗ ಆಕೆ ಮನಸ್ಸಿನಿಂದಲೇ ಹೇಳಿದಳು. ಇಷ್ಟು ವರ್ಷ ಕಾಪಾಡಿದ ಆಸೆಯನ್ನು ಅಲ್ಲೇ ಆ ತೊಳೆದ ನೀರಿನ ಜೊತೆ ಚೆಲ್ಲಿಬಿಟ್ಟಳು.

ಆದರೆ ಏಳನೆಯವರಿಲ್ಲದೆ ತಂಡವೇ ಹೋಗುವಂತಿರಲಿಲ್ಲ. ಗೋವಿಂದರಾಜ ಸರ್ ಮುಖ ಸಣ್ಣಗೆ ಮಾಡಿಕೊಂಡು ಓಡಾಡುವುದನ್ನು ನೋಡಲಾಗದೆ, ಹನಮೇಶ ಕೊನೆಗೆ ಒಪ್ಪಿದ. "ನಿಂದ್ರತೀನ್ರಿ ಸರ್. ಹಿಡಿಯೂದಿದ್ರ ಹಿಡೀತೀನಿ. ಎದುರಿನವರ ಅಂಗಳಕ್ಕ ಮಾತ್ರ ಹೋಗಂಗಿಲ್ಲ."

ಕೊಪ್ಪಳದ ಮೈದಾನದ ಮೆಟ್ಟಿಲ ಮೇಲೆ ಅನ್ನಪೂರ್ಣ ಮಗಳ ಪಕ್ಕ ಕುಳಿತಳು. ಎದುರಿಗೆ ಗಂಗಾವತಿ ತಾಲೂಕಿನವರು, ಭತ್ತದ ಸೀಮೆಯ ಗಟ್ಟಿ ಮೈಯವರು. ನಮ್ಮ ಯಲಬುರ್ಗಾದವರು ಮೊದಲ ಹತ್ತು ನಿಮಿಷಕ್ಕೇ ಸುಸ್ತು. ಹನಮೇಶ ಮೂಲೆಯಲ್ಲಿ ನಿಂತು ಬಂದವರ ಕಾಲಿಗೆ ಬಿದ್ದು ಇಬ್ಬರನ್ನು ಹಿಡಿದ. ಹಿಡಿದ ರೀತಿಗೆ ಮೆಟ್ಟಿಲ ಮೇಲಿನವರು ಹುಬ್ಬೇರಿಸಿದರು. ಆದರೆ ಒಬ್ಬನಿಂದ ಏನಾದೀತು? ಮೊದಲು ಗೋವಿಂದರಾಜ ಸರ್ ಔಟಾದರು, ಆಮೇಲೆ ಒಬ್ಬರ ಹಿಂದೆ ಒಬ್ಬರು. ನೋಡನೋಡುತ್ತ ಆರೂ ಜನ ಗೆರೆಯಾಚೆ ಸಾಲಾಗಿ ಕುಳಿತರು. ಅಂಕಣದೊಳಗೆ ಉಳಿದವನು ಹನಮೇಶ ಒಬ್ಬನೇ, ಹೋಗುವ ಸರದಿ ನಮ್ಮದು.

ಆಟ ನಡೆಸುವ ಪಂಚರು ಸೀಟಿ ಊದಿದರು. ಅವನು ಕದಲಲಿಲ್ಲ.

ಆಗ ಸಾಲಿನ ಮೊದಲಲ್ಲಿ ಕುಳಿತಿದ್ದ ಗೋವಿಂದರಾಜ ಸರ್, ಏನೂ ಅರಿಯದ ಆ ಒಳ್ಳೆಯ ಮನುಷ್ಯ, ಹೊಟ್ಟೆ ಹಿಡಿದುಕೊಂಡು ನಗುತ್ತ ಕೂಗಿದರು. "ಹನಮೇಶಣ್ಣಾ, ನಾ ಸತ್ತೀನಪಾ! ಹೋಗು, ಬಡದು ಬಾ, ಎಬ್ಬಿಸು ನನ್ನ!"

ಅನ್ನಪೂರ್ಣಳಿಗೆ ಗಂಡನ ಬೆನ್ನು ಕಲ್ಲಾದದ್ದು ಅಷ್ಟು ದೂರದಿಂದಲೂ ಕಂಡಿತು. ಹೋಗುವ ಹೊತ್ತು ಮೂವತ್ತು ಸೆಕೆಂಡು. ಪಂಚರು ಗಡಿಯಾರ ನೋಡುತ್ತಿದ್ದಾರೆ, ಜನ ಕೂಗುತ್ತಿದ್ದಾರೆ. ಆಕೆ ಎದ್ದು ನಿಂತಳು. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಎತ್ತುವುದಿಲ್ಲ; ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಾರೆ. ಅನ್ನಪೂರ್ಣಳೂ ಹಾಗೇ ಇದ್ದವಳು. ಅಂಥವಳು, ಜಿಲ್ಲೆಯ ನೌಕರರೆಲ್ಲ ಸೇರಿದ ಆ ಮೈದಾನದಲ್ಲಿ ಕಂಠ ಕಿತ್ತು ಬರುವ ಹಾಗೆ ಕೂಗಿದಳು.

"ಹನಮೇಶಾ! ಹೋಗೋ! ಅವರು ಏಳ್ತಾರ! ಹೋಗೋ!"

"ಯವ್ವಾ!" ಎಂದು ಅಂಜಲಿ ತಾಯಿಯ ಸೆರಗು ಜಗ್ಗಿದಳು. ಸುತ್ತಲಿನವರು ಗೊಳ್ಳೆಂದು ನಕ್ಕರು. ಹನಮೇಶ ತಿರುಗಿ ಮೆಟ್ಟಿಲ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿ ನೆಲ ಮುಟ್ಟಿ ಹಣೆಗೊತ್ತಿಕೊಂಡು ಗೆರೆ ದಾಟಿದ.

ಅನ್ನಪೂರ್ಣ ಅವನ ಆ ಧ್ವನಿಯನ್ನು ಹಿಂದೆಂದೂ ಕೇಳಿರಲಿಲ್ಲ. ಕಬಡ್ಡಿ ಕಬಡ್ಡಿ ಕಬಡ್ಡಿ, ತಗ್ಗಿದ ದನಿ, ಒಂದೇ ಎಳೆ, ಎಲ್ಲೂ ಮುರಿಯದ್ದು. ನಲವತ್ತೊಂಬತ್ತರ ಮನುಷ್ಯ ಹುಡುಗನಂತೆ ಬಲಕ್ಕೆ ಬಾಗಿದ, ಎಡಕ್ಕೆ ಹೊರಳಿದ, ನಾಲ್ಕು ಜನ ಅವನ ಮೇಲೆ ಮುಗಿಬೀಳುವಷ್ಟರಲ್ಲಿ ಕಾಲು ಚಾಚಿ ಒಬ್ಬನ ಮೊಣಕಾಲಿಗೆ ಹೆಬ್ಬೆರಳು ತಗಲಿಸಿ, ಹಾರಿ ನಡುಗೆರೆ ದಾಟಿ ಬಂದುಬಿಟ್ಟ. ಪಂಚರು ಒಂದು ಬೆರಳು ಎತ್ತಿದರು.

ಗೋವಿಂದರಾಜ ಸರ್ ಎರಡೂ ಕೈ ನೆಲಕ್ಕೂರಿ ಎದ್ದರು. ಪ್ಯಾಂಟಿನ ಧೂಳು ಕೊಡವಿಕೊಂಡು ಅಂಕಣದೊಳಗೆ ಬಂದರು. ಹನಮೇಶ ಅವರ ಹತ್ತಿರ ಹೋಗಿ ಭುಜ ಮುಟ್ಟಿದ, ತೋಳು ಮುಟ್ಟಿದ, ಎದೆಯ ಮೇಲೆ ಅಂಗೈ ಇಟ್ಟು ನೋಡಿದ.

"ಎದ್ರಿ ಸರ್?"

"ಎದ್ದೆನಲ್ಲಪಾ! ನೀನ ಎಬ್ಬಿಸಿದಿ."

ಅಂಕಣದ ನಟ್ಟನಡುವೆ, ಎಲ್ಲರ ಎದುರು, ಹನಮೇಶ ಹೋ ಎಂದು ಅತ್ತುಬಿಟ್ಟ. ಕಾಲು ಉಳುಕಿತೇನೋ ಎಂದು ಸರ್ ಗಾಬರಿಯಾಗಿ ನೀರು ತರಿಸಿದರು. ಪಂಚರು ಆಟ ನಿಲ್ಲಿಸಿದರು. ಮೆಟ್ಟಿಲ ಮೇಲೆ ಅನ್ನಪೂರ್ಣಳೂ ಅಳುತ್ತಿದ್ದಳು. ಪಂದ್ಯವನ್ನು ಯಲಬುರ್ಗಾದವರು ಹದಿನೇಳು ಅಂಕದಿಂದ ಸೋತರು.

ಸಂಜೆ ನಾಲ್ಕಕ್ಕೆ ಗಂಡಹೆಂಡತಿ ಬಸ್‌ಸ್ಟ್ಯಾಂಡಿಗೆ ಬಂದರು. ಮಂಗಳೂರಿಗೆ ಹೋಗುವ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಹನಮೇಶ ಹತ್ತಲಿಲ್ಲ.

"ಆದೆಪ್ಪನ ಅವ್ವ ಕರಿಯವ್ವ ಕುಷ್ಟಗಿ ಕಡೆ ಇನ್ನೂ ಅದಾಳಂತ. ನಮ್ಮೂರಿಂದ ತಾಸಿನ ಹಾದಿ. ನಾ ಒಂದ ಸಲನೂ ಹೋಗಿಲ್ಲ."

"ಈಗ ಹೋಗಿ ಏನ್ ಹೇಳ್ತೀರಿ ಆಕಿಗೆ?"

"ಅಂವ ಕಡೀಕ ಏನಂದ, ಹ್ಯಾಂಗ ನಕ್ಕ, ಹೇಳ್ತೀನಿ. ಅದು ಅವ್ವಗ ಸೇರಬೇಕಾದ್ದು. ಇಷ್ಟ ವರ್ಷ ನಾ ಒಬ್ಬನ ಇಟಗೊಂಡೀನಿ."

ಅನ್ನಪೂರ್ಣ ಬುತ್ತಿಯ ಚೀಲವನ್ನು ಹೆಗಲಿಗೇರಿಸಿದಳು. ಗಂಡನ ಕೈ ಹಿಡಿದುಕೊಂಡು ಕುಷ್ಟಗಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳುತ್ತ ನಡೆದಳು.